ಟೋಪಿ ಹಾಕಿಸಿಕೊಂಡವನ ತಕರಾರು

9,500 ರೂಪಾಯಿ ಕೊಟ್ಟು ನಾನೊಂದು ಟೋಪಿ ತಗೊಂಡೆ. ಬೆಂಗಳೂರಿನ ಒಬ್ಬ ಹಳೇ ಸಾಮಾನಿನ ವ್ಯಾಪಾರಿ ಮಾರಿದ್ದು. ಸೋಲಾ ಟೋಪಿ. ಹಳೇ ಸಿನಿಮಾಗಳಲ್ಲಿ ಬ್ರಿಟಿಷ್ ಕಲೆಕ್ಟರ್ ಇಟ್ಕೊಂಡು ಕುದುರೆ ಮೇಲೆ ಬರ್ತಾನಲ್ಲ, ಅದೇ. "ಕೊಪ್ಪ ಕಡೆ ಕಾಫಿ ಎಸ್ಟೇಟಿನ ದೊರೆದು ಸಾರ್. ಅಲ್ಲೇ ಶೋಲಾ ಕಾಡು ಇದೆಯಲ್ಲ, ಆ ಮರದ ತಿರುಳಿಂದ ಮಾಡಿದ್ದು. ಅದಕ್ಕೇ ಸೋಲಾ ಟೋಪಿ ಅನ್ನೋದು" ಅಂದ. ನಾನು ಕೊಪ್ಪದ ಕಡೆಯವನು. ಊರಿನ ಹೆಸರು ಕಿವಿಗೆ ಬಿದ್ದ ಕೂಡಲೇ ಬುದ್ಧಿ ರಜೆ ಹಾಕಿತು. ಚೌಕಾಸಿ ಕೂಡ ಮಾಡಲಿಲ್ಲ.

ಜುಲೈ ತಿಂಗಳಲ್ಲಿ ಊರಿಗೆ ಹೋದಾಗ ಆ ಟೋಪಿ ಇಟ್ಕೊಂಡು ತೋಟಕ್ಕೆ ಇಳಿದೆ. ಫೋಟೋಗೆ ಅಂತಲೇ, ಸುಳ್ಳು ಯಾಕೆ ಹೇಳಲಿ. ಮಲೆನಾಡಿನ ಜುಲೈ ಗೊತ್ತಲ್ವಾ? ಅರ್ಧ ಗಂಟೆಯಲ್ಲಿ ಅಂಚಿನ ಬಟ್ಟೆ ಗೋಂದು ಬಿಟ್ಟು ಮೇಲೆದ್ದಿತು. ಒಳಗಿಂದ ಬಿಳಿ ಬಿಳಿ ಮಣಿಗಳು ಉದುರಿದವು. ಥರ್ಮಾಕೋಲ್! ಯಾವುದೋ ನಾಟಕಕ್ಕೋ ಶೂಟಿಂಗಿಗೋ ಮಾಡಿದ ಮಾಲು. ಕನ್ನಡದಲ್ಲಿ ಮೋಸ ಮಾಡೋದಕ್ಕೆ "ಟೋಪಿ ಹಾಕೋದು" ಅಂತಾರೆ. ನನಗೆ ಅಕ್ಷರಶಃ ಹಾಕಿದ್ದರು.

ವ್ಯಾಪಾರಿ ಹೇಳಿದ ಕಥೆಯೂ ಥರ್ಮಾಕೋಲೇ. ಸೋಲಾ ಟೋಪಿಗೂ ಕುದುರೆಮುಖದ ಶೋಲಾ ಕಾಡಿಗೂ ಯಾವ ಸಂಬಂಧವೂ ಇಲ್ಲ. ಟೋಪಿಯ ಶೋಲಾ ಬಂಗಾಳದ ಜೌಗು ನೆಲದಲ್ಲಿ ಬೆಳೆಯುವ ಒಂದು ಗಿಡ. ಅದರ ದಂಟಿನೊಳಗಿನ ಬೆಳ್ಳನೆ ಹಗುರ ತಿರುಳನ್ನು ಹಾಳೆ ಹಾಳೆಯಾಗಿ ಕೊಯ್ದು ಅಂಟಿಸಿ ಟೋಪಿ ಮಾಡುತ್ತಿದ್ದರು. ಕಾಡಿನ ಶೋಲಾ ತಮಿಳಿನ 'ಚೋಲೈ'ಯಿಂದ ಬಂದದ್ದು, ತೋಪು ಅಂತ ಅರ್ಥ. ಇಂಗ್ಲಿಷರೂ ಎಡವಿದ್ದಾರೆ. ಬಿಸಿಲಿಗೆ ಹಾಕುವ ಟೋಪಿ ತಾನೇ ಅಂತ 'ಸೋಲಾ'ವನ್ನು 'ಸೋಲಾರ್' ಮಾಡಿಬಿಟ್ಟರು. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕೊಂಡೆ, ಯಾಕಂದ್ರೆ ಕಥೆಯಲ್ಲಿ ನನ್ನೂರಿತ್ತು. ಹಳೇ ಸಾಮಾನಿನ ವ್ಯಾಪಾರ ನಡೆಯೋದೇ ನಮ್ಮ ಈ ದೌರ್ಬಲ್ಯದ ಮೇಲೆ.

ಆದರೆ ಈ ಬರಹ ಆ ವ್ಯಾಪಾರಿಯ ಮೇಲಿನ ಸಿಟ್ಟಿಗಲ್ಲ. ಅವನು ಟೋಪಿ ಹಾಕಿದ್ದು ಒಂದೇ ಸಲ. ನಾನು ನನಗೇ ವರ್ಷಗಟ್ಟಲೆ ಹಾಕ್ಕೊಂಡಿದ್ದೆ. ನನ್ನ ತಕರಾರು ಅದರ ಬಗ್ಗೆ. ನಿಮ್ಮಲ್ಲೂ ಕೆಲವರ ಬಗ್ಗೆ.

*

ನನ್ನ ಹತ್ರ 23 ಟೋಪಿಗಳಿವೆ. ಎರಡು ಫೆಡೋರಾ, ಒಂದು ಬೌಲರ್, ಮೂರು ಫೆಲ್ಟ್ ಕರಿಟೋಪಿ, ಒಂದು ತುರ್ಕಿ ಟೋಪಿ, ಹೀಗೆ. ಎಂಟು ವರ್ಷದ ಹುಚ್ಚು. ವೀಕೆಂಡಿನಲ್ಲಿ ಬೇರೆಯವರು ಬುಲೆಟ್ ತೊಳೀತಾ ಇದ್ದರೆ ನಾನು ಕುದುರೆಕೂದಲಿನ ಬ್ರಷ್ ಹಿಡಿದು ಟೋಪಿ ಉಜ್ತಾ ಇರ್ತೀನಿ. ಹಳೇ ಟೋಪಿಯ ಮೂಲ ಹುಡುಕೋದು ಹೇಗೆ ಅಂತ ಕೇಳಿ, ಒಂದು ಗಂಟೆ ಮಾತಾಡ್ತೀನಿ. ಒಳಗೆ ಬೆವರಿಗೆ ಅಂತ ಹೊಲಿದಿರುವ ತೊಗಲಿನ ಪಟ್ಟಿ ಇರುತ್ತಲ್ಲ, ಅದನ್ನು ಮೆಲ್ಲಗೆ ಮಗುಚಬೇಕು. ಕೆಳಗೆ ಕಾಗದದ ಚೀಟಿ ಸಿಕ್ಕರೆ ಪುಣ್ಯ. ಅಳತೆಯೇ ಅರ್ಧ ಜಾತಕ ಹೇಳುತ್ತೆ. ಇಂಗ್ಲಿಷ್ ಲೆಕ್ಕದ 7 ನಂಬರ್ ಅಂದರೆ ತಲೆಯ ಸುತ್ತಳತೆ ಸುಮಾರು 57 ಸೆಂಟಿಮೀಟರ್. ಅದೇ ತಲೆಗೆ ಅಮೆರಿಕದವರು 7⅛ ಅಂತಾರೆ. ಲಂಡನ್ನಿನ ಲಾಕ್ ಕಂಪನಿ 1676ರದ್ದು, ಕ್ರಿಸ್ಟೀಸ್ 1773, ಇಟಲಿಯ ಬೋರ್ಸಲೀನೋ 1857, ಅಮೆರಿಕದ ಸ್ಟೆಟ್ಸನ್ 1865. ನಿದ್ದೆಯಲ್ಲಿ ಕೇಳಿದರೂ ಹೇಳ್ತೀನಿ.

ಈ ಹುಚ್ಚಿನವರು ಸೇರಿದಾಗ ಮೂಲ ಅಂದರೆ ಇಷ್ಟೇ: ಕಂಪನಿ, ಇಸವಿ, ಅಂಗಡಿ, ಬೆಲೆ. ಮಾಡಿದವನ ಕೈ ಯಾವುದು ಅಂತ ಯಾರೂ ಕೇಳಲ್ಲ. ಒಂದು ಉದಾಹರಣೆ ಕೊಡ್ತೀನಿ. ಒಳ್ಳೆಯ ಫೆಲ್ಟ್ ಟೋಪಿಯನ್ನು ಮೊಲದ, ಬೀವರಿನ ತುಪ್ಪಟದಿಂದ ಮಾಡುತ್ತಿದ್ದರು. ಆ ಕೂದಲು ಒಂದಕ್ಕೊಂದು ಹೆಣೆದುಕೊಳ್ಳಲಿ ಅಂತ ಪಾದರಸದ ದ್ರಾವಣ ಸವರುತ್ತಿದ್ದರು. ಅದರ ಹಬೆ ಕುಡಿದ ಕೆಲಸಗಾರರಿಗೆ ಕೈ ನಡುಕ, ಹಲ್ಲು ಉದುರೋದು, ಕೊನೆಗೆ ಬುದ್ಧಿಭ್ರಮಣೆ. ಟೋಪಿ ಕಾರ್ಖಾನೆಗಳಿಗೆ ಹೆಸರಾಗಿದ್ದ ಅಮೆರಿಕದ ಡ್ಯಾನ್‌ಬರಿ ಎಂಬ ಊರಿನಲ್ಲಿ ಈ ನಡುಕಕ್ಕೆ ಊರಿನದೇ ಹೆಸರು ಬಿತ್ತು. ಅಲ್ಲಿ ಟೋಪಿ ಉದ್ಯಮದಲ್ಲಿ ಪಾದರಸಕ್ಕೆ ತಡೆ ಬಿದ್ದದ್ದು 1941ರಲ್ಲಿ. ನನ್ನ ಕಪಾಟಿನ ಫೆಡೋರಾಗಳಲ್ಲಿ ಒಂದು ಅದಕ್ಕೂ ಹಿಂದಿನದು. ಅದನ್ನು ಮಾಡಿದವನ ಕೈ ನಡುಗುತ್ತಿತ್ತಾ? ಎಂಟು ವರ್ಷದಲ್ಲಿ ಈ ಪ್ರಶ್ನೆ ಒಂದು ಸಲವೂ ನನ್ನ ತಲೆಗೆ ಬಂದಿರಲಿಲ್ಲ. ತಲೆ ತುಂಬ ಟೋಪಿ ಇತ್ತಲ್ಲ, ಜಾಗ ಇರಲಿಲ್ಲ.

*

ಥರ್ಮಾಕೋಲ್ ಉದುರಿದ ದಿನ ಸಂಜೆ, ಅವಮಾನ ಕಳೆಯೋಕೆ ಮನೆಯ ಅಟ್ಟ ಹತ್ತಿದೆ. ಅಲ್ಲಾದರೂ ನಿಜವಾದ ಹಳೇ ಟೋಪಿ ಸಿಗುತ್ತೇನೋ ಅಂತ. ಸಿಕ್ಕಿತು. ಹೊಗೆ ಹಿಡಿದ ಕಬ್ಬಿಣದ ಟ್ರಂಕಿನಲ್ಲಿ, ನುಸಿಗುಳಿಗೆಯ ವಾಸನೆಯ ನಡುವೆ, ಅಜ್ಜನ ಕರಿಟೋಪಿ. ಕೋಟು, ಕಚ್ಚೆಪಂಚೆ, ಕರಿಟೋಪಿಯಲ್ಲಿ ಅಜ್ಜ ಕುರ್ಚಿ ಮೇಲೆ ಕೂತ ಫೋಟೋ ಜಗಲಿಯಲ್ಲಿ ಇವತ್ತಿಗೂ ಇದೆ. ಟೋಪಿಯ ಒಳಗೆ ಅವರ ಎಣ್ಣೆಯ ಕಲೆ. ಹಿಡಿದುಕೊಂಡಾಗ ಗಂಟಲು ಕಟ್ಟಿತು. ಫೋಟೋ ತೆಗೆದು, "ಮೂರು ತಲೆಮಾರಿನ ಆಸ್ತಿ" ಅಂತ ಬರೆದು ಸ್ಟೇಟಸ್ಸಿಗೆ ಹಾಕಿದೆ.

ಹತ್ತು ನಿಮಿಷಕ್ಕೆ ಒಂದು ಮೆಸೇಜ್ ಬಂತು. ಊರಿನ ಶಾಲೆಯಲ್ಲಿ ನನ್ನ ಜೊತೆ ಏಳನೇ ಕ್ಲಾಸಿನವರೆಗೂ ಓದಿದವನು. ಈಗ ನನ್ನ ಹಾಗೇ ಬೆಂಗಳೂರಲ್ಲಿ ಕೆಲಸ. ನನಗಿಂತ ಒಳ್ಳೇ ಸಂಬಳ. ಅವನ ಅಜ್ಜ ನಮ್ಮ ತೋಟದಲ್ಲಿ ಕೊನೆಗಾರ. ಅಡಿಕೆ ಮರ ಹತ್ತಿ ಕೊನೆ ಇಳಿಸುತ್ತಿದ್ದವರು.

"ಚಂದ ಇದೆ ಮಾರಾಯ. ನಮ್ಮಜ್ಜನ ಟೋಪಿ ಎಲ್ಲಿಟ್ಟೀರಿ?"

ನಾನು ನಗುವಿನ ಚಿತ್ರ ಕಳಿಸಿದೆ. ಅವನು ಕಳಿಸಲಿಲ್ಲ.

ಅವನ ಅಜ್ಜ ಹಾಕುತ್ತಿದ್ದದ್ದು ಹಾಳೆಟೋಪಿ. ಅಡಿಕೆ ಹಾಳೆಯಲ್ಲಿ ಮಾಡಿದ್ದು. ತುಳು ಸೀಮೆಯವರು ಮುಟ್ಟಾಳೆ ಅಂತಾರೆ. ನನಗೆ ಅವರು ಸರಿಯಾಗಿ ನೆನಪಿದ್ದಾರೆ. ಬೆಳಿಗ್ಗೆ ಅಂಗಳಕ್ಕೆ ಬಂದ ಕೂಡಲೇ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುವರು. ಅಜ್ಜ ಜಗಲಿಯಿಂದ ಮಾತಾಡೋರು. ಮಾತು ಮುಗಿದು ತೋಟದ ಕಡೆ ತಿರುಗಿದ ಮೇಲೆ ಟೋಪಿ ಮತ್ತೆ ತಲೆಗೆ. ಮಳೆ ಬರ್ತಾ ಇದ್ದರೂ ಅಷ್ಟೇ. ನಮ್ಮಜ್ಜ ಕೆಟ್ಟವರಲ್ಲ, ಯಾರಿಗೂ "ಟೋಪಿ ತೆಗಿ" ಅಂದವರೂ ಅಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಜಗಲಿ ಹತ್ತುವವರು ಯಾರು, ಅಂಗಳದಲ್ಲೇ ನಿಲ್ಲುವವರು ಯಾರು ಅಂತ ಮಲೆನಾಡಿನಲ್ಲಿ ಹುಟ್ಟಿದ ಮಗುವಿಗೂ ಗೊತ್ತಿತ್ತು. ಹಾಗಾಗಿ ನಮ್ಮಜ್ಜನ ಟೋಪಿ ತಲೆ ಮೇಲಿದ್ದೇ ಹಳತಾಯಿತು. ಅವರ ಟೋಪಿಯ ಅರ್ಧ ಆಯುಷ್ಯ ಕಂಕುಳಲ್ಲಿ ಕಳೆಯಿತು.

ಆ ಟೋಪಿ ಎಲ್ಲಿ ಹೋಯಿತು? ಗೊಬ್ಬರದ ಗುಂಡಿಗೆ. ಹಾಳೆಟೋಪಿ ಬಹಳ ಬಾಳಿದರೆ ಒಂದೆರಡು ಮಳೆಗಾಲ. ಬೂಷ್ಟು ಹಿಡಿಯುತ್ತೆ, ಸೀಳುತ್ತೆ, ಎಸೆದು ಹೊಸದು ಮಾಡ್ಕೋತಾರೆ. ಯಾರ ಟ್ರಂಕಿನಲ್ಲೂ ಇರಲ್ಲ. ಟ್ರಂಕೂ ಇರಲಿಲ್ಲ ಬಿಡಿ.

ಹಾಗಾದರೆ 'ವಿಂಟೇಜ್' ಅಂತ ನಾವು ಕರೆಯೋದು ಏನನ್ನು? ಹಳತಾಗಲು ಪುರುಸೊತ್ತು ಸಿಕ್ಕ ವಸ್ತುಗಳನ್ನು. ಪೆಟ್ಟಿಗೆ ಇದ್ದವರ, ಅಟ್ಟ ಇದ್ದವರ, ಫೋಟೋ ತೆಗೆಸಿಕೊಂಡವರ ವಸ್ತುಗಳನ್ನು. ನನ್ನ ಕಪಾಟಿನಲ್ಲಿ ದೊರೆ ಇದ್ದಾನೆ, ಗುಮಾಸ್ತ ಇದ್ದಾನೆ, ಶಾನುಭೋಗರಿದ್ದಾರೆ, ಅಜ್ಜ ಇದ್ದಾರೆ. ತೋಟದಲ್ಲಿ ನಿಜವಾಗಿ ಮಳೆ ಬಿಸಿಲು ತಿಂದ ತಲೆ ಒಂದೂ ಇಲ್ಲ. ಇದನ್ನು ನಾನು "ಮಲೆನಾಡಿನ ಟೋಪಿಗಳ ಸಂಗ್ರಹ" ಅಂತ ಜನರಿಗೆ ತೋರಿಸ್ತಾ ಇದ್ದೆ. ಥರ್ಮಾಕೋಲ್ ಟೋಪಿಗಿಂತ ದೊಡ್ಡ ಮೋಸ ಇದು.

*

ಸೋಲಾ ಟೋಪಿಯ ವಿಷಯಕ್ಕೇ ಬರೋಣ. ಉಷ್ಣದೇಶದ ಬಿಸಿಲು ಬಿಳಿಯರ ತಲೆಬುರುಡೆ ತೂರಿ ಮಿದುಳನ್ನೇ ಕೆಡಿಸುತ್ತೆ ಅಂತ ಆ ಕಾಲದ ವೈದ್ಯರು ನಂಬಿದ್ದರು. ಅದಕ್ಕೇ ಬೆಳಿಗ್ಗೆಯಿಂದ ಸಂಜೆವರೆಗೆ ತಲೆಯಿಂದ ಟೋಪಿ ಇಳಿಸುವಂತಿಲ್ಲ. ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಜಾರ್ಜ್ ಆರ್ವೆಲ್ ಮುಂದೆ ಈ ನಂಬಿಕೆಯನ್ನು ಚೆನ್ನಾಗಿ ಗೇಲಿ ಮಾಡಿ ಬರೆದ. ಬಿಳಿಯರ ಬುರುಡೆ ಮಾತ್ರ ತೆಳು, ನೇಟಿವರದ್ದು ದಪ್ಪ ಅನ್ನುವುದು ಆಳುವವರಿಗೆ ಅನುಕೂಲವಾದ ವಿಜ್ಞಾನ ಅಂತ ಅವನ ತಕರಾರು. ಎರಡನೇ ಮಹಾಯುದ್ಧದ ಹೊತ್ತಿಗೆ ಸೈನಿಕರು ಟೋಪಿ ಇಲ್ಲದೇ ಓಡಾಡಿದರು, ಯಾರ ಮಿದುಳೂ ಕರಗಲಿಲ್ಲ. ಅಲ್ಲಿಗೆ ಸೋಲಾ ಟೋಪಿಯ ಕಾಲ ಮುಗಿಯಿತು.

ಅದೇ ಎಸ್ಟೇಟಿನಲ್ಲಿ, ಅದೇ ಬಿಸಿಲಿನಲ್ಲಿ ಕಾಫಿ ಕೊಯ್ಯುವವರ ತಲೆ ಮೇಲೆ ಏನಿತ್ತು ಅಂತ ಯಾವ ವೈದ್ಯರೂ ಕೇಳಲಿಲ್ಲ. ಹಾಳೆಟೋಪಿ ಇತ್ತು, ಟವೆಲ್ಲಿನ ಮುಂಡಾಸಿತ್ತು. ನಾಟಿ ಗದ್ದೆಯಲ್ಲಿ ಬೆನ್ನು ತುಂಬ ಗೊರಬು ಇತ್ತು, ಬಿದಿರು ಎಲೆ ಸೇರಿಸಿ ಹೆಣೆದದ್ದು. ಕಂಬಳಿ ಮಡಿಸಿ ತಲೆಗೆ ಹಾಕ್ಕೊಳ್ಳುವ ಕೊಪ್ಪೆ ಇತ್ತು. (ಕೊಪ್ಪೆಯಿಂದಲೇ ಕೊಪ್ಪ ಅಂತ ಒಂದು ಕಥೆ ಕಟ್ಟುವ ಆಸೆ ನನಗೂ ಆಗಿತ್ತು. ಆದರೆ ಕೊಪ್ಪ ಅಂದರೆ ಸಣ್ಣ ಹಳ್ಳಿ, ಅಷ್ಟೇ. ಶೋಲಾ ಕಥೆಯಲ್ಲಿ ಬಿದ್ದವನು ಮತ್ತೆ ಬೀಳಬಾರದು.) ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಶೃಂಗೇರಿ ಸೀಮೆಯಲ್ಲಿ ತಲೆ ಒದ್ದೆಯಾಗದಂತೆ ಬದುಕುವುದು ಒಂದು ವಿದ್ಯೆ. ಆ ವಿದ್ಯೆ ಕಲಿತವರು ದೊರೆಗಳಲ್ಲ.

ಅಡಿಕೆ ಬೆಳೆಗಾರರ ಮನೆಯಲ್ಲಿ ಕೋಲ್ಮನ್ ಹೆಸರು ಕೇಳಿರ್ತೀರಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಬೂಷ್ಟನ್ನು 1910ರಲ್ಲಿ ವಿವರಿಸಿ, ಬೋರ್ಡೋ ದ್ರಾವಣ ಸಿಂಪಡಿಸಿ ಅಂತ ತೋರಿಸಿಕೊಟ್ಟವನು. ದೊಡ್ಡ ಉಪಕಾರ, ಅವನಿಗೆ ನಮಸ್ಕಾರ. ಆದರೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಬೆರೆಸಿದ ಆ ನೀಲಿ ಔಷಧಿಯನ್ನು ಮರದ ತುದಿಯಲ್ಲಿ ನೇತಾಡುತ್ತಾ ಹೊಡೆದವರು ಯಾರು? ತೊಟ್ಟಿಕ್ಕಿದ್ದು ಯಾರ ತಲೆ ಮೇಲೆ? ಆ ತಲೆಗೂ ಮೈಲುತುತ್ತಕ್ಕೂ ನಡುವೆ ಇದ್ದದ್ದು ಒಂದು ಹಾಳೆಟೋಪಿ. ಅಡಿಕೆ ಕೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವ ನಮ್ಮ ಹಿರಿಯರಿಗೆ, ಕೊನೆಗಾರನ ತಲೆಗೆ ಏನಾದರೂ ಕೊಡಿಸಬೇಕು ಅಂತ ಹೊಳೆದ ಹಾಗಿಲ್ಲ. ಅವನದ್ದನ್ನು ಅವನೇ ಮಾಡಿಕೊಂಡ.

*

ಇದೆಲ್ಲ ಹಳೇ ಕಥೆ, ಈಗ ಹಾಗಿಲ್ಲ ಅಂತೀರಾ? ಶೃಂಗೇರಿಯ ಹತ್ತಿರದ ಒಂದು ಊರಿನಲ್ಲಿ ಎರಡು ವರ್ಷದ ಹಿಂದೆ ನಾನು ಕಣ್ಣಾರೆ ನೋಡಿದ್ದು ಹೇಳ್ತೀನಿ. ಒಂದು ಸಂಘದ ವಾರ್ಷಿಕೋತ್ಸವ. ನಲವತ್ತು ವರ್ಷ ಅಡಿಕೆ ಮರ ಹತ್ತಿದ ಹಿರಿಯರೊಬ್ಬರಿಗೆ ಸನ್ಮಾನ. ಒಳ್ಳೆಯ ಯೋಚನೆ, ಖುಷಿಯಾಯಿತು. ಅವರು ಬಿಳಿ ಶರ್ಟು, ಬಿಳಿ ಪಂಚೆ, ತಲೆ ಮೇಲೆ ಹೊಸದಾಗಿ ಮಾಡಿದ ಹಾಳೆಟೋಪಿ ಹಾಕಿಕೊಂಡು ಬಂದಿದ್ದರು. ಹಬ್ಬಕ್ಕೆ ಅಂತಲೇ ಮಾಡಿದ್ದು, ಅಂಚು ಕತ್ತರಿಸಿದ ನಾಜೂಕು ನೋಡಿದರೆ ಗೊತ್ತಾಗುತ್ತಿತ್ತು. ವೇದಿಕೆಯ ಮೇಲೆ ಒಬ್ಬರು ಆ ಟೋಪಿ ತೆಗೆದರು. ಇನ್ನೊಬ್ಬರು ಮೈಸೂರು ಪೇಟ ತೊಡಿಸಿದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ. ಹಾಳೆಟೋಪಿ ಕುರ್ಚಿಯ ಕೆಳಗೆ.

ಪೇಟ ಅವರ ಅಳತೆಯದ್ದಲ್ಲ. ಹುಬ್ಬಿನ ತನಕ ಇಳಿದಿತ್ತು. ಪೂರ್ತಿ ಹದಿನೈದು ನಿಮಿಷ ಅವರು ಗದ್ದ ಮೇಲೆತ್ತಿಕೊಂಡೇ ಕೂತರು. ಕಾರ್ಯಕ್ರಮ ಮುಗಿದ ಮೇಲೆ ಬಗ್ಗಿ ಕುರ್ಚಿ ಕೆಳಗಿನ ಟೋಪಿ ಎತ್ತಿ ಧೂಳು ಹೊಡೆದು ಕಂಕುಳಲ್ಲಿ ಇಟ್ಟುಕೊಂಡರು. ನನಗೆ ನಮ್ಮ ಅಂಗಳ ನೆನಪಾಯಿತು.

ಮೈಸೂರು ಪೇಟದ ಮೇಲೆ ನನಗೆ ದ್ವೇಷ ಇಲ್ಲ. ಒಡೆಯರ ಆಸ್ಥಾನದ ಪೇಟ, ವಿಶ್ವೇಶ್ವರಯ್ಯನವರ ಪೇಟ, ಬಟ್ಟೆಯನ್ನು ನೆರಿಗೆ ನೆರಿಗೆಯಾಗಿ ಸುತ್ತಿ ಜರಿ ಕೂರಿಸುವ ಕಸುಬು, ಎಲ್ಲದಕ್ಕೂ ಗೌರವ ಇದೆ. ಶೃಂಗೇರಿಯಲ್ಲಿ ನವರಾತ್ರಿಯ ದರ್ಬಾರಿಗೆ ಸನ್ಯಾಸಿಗಳಾದ ಜಗದ್ಗುರುಗಳು ಕಿರೀಟ ಧರಿಸುತ್ತಾರೆ. ಅದಕ್ಕೊಂದು ದಿನ, ಒಂದು ಅರ್ಥ, ಒಂದು ಪರಂಪರೆ ಇದೆ. ಆದರೆ ನಾವು ಸನ್ಮಾನಕ್ಕೆ ತರೋದು ಅಟ್ಟೆಯ ಮೇಲೆ ಹೊಳೆಯುವ ಬಟ್ಟೆ ಅಂಟಿಸಿದ ರೆಡಿಮೇಡ್ ಮಾಲು. ಶಾಸಕರಿಗೂ ಅದೇ, ನಿವೃತ್ತ ಮೇಷ್ಟ್ರಿಗೂ ಅದೇ, ನಮ್ಮ ಆಫೀಸಿನ ರಾಜ್ಯೋತ್ಸವಕ್ಕೆ ಬಂದ ಫಾರಿನ್ ಮ್ಯಾನೇಜರಿಗೂ ಅದೇ. ಕೊಪ್ಪದ ಮನುಷ್ಯನಿಗೆ ಗೌರವ ತೋರಿಸಬೇಕಾದರೆ ಮೊದಲು ಅವನನ್ನು ಮೈಸೂರಿನವನಾಗಿ ಮಾಡಬೇಕಾ? ಅವನು ತಾನೇ ಮಾಡಿ ತಾನೇ ಹಾಕಿಕೊಂಡು ಬಂದದ್ದನ್ನು ತೆಗೆದ ಮೇಲೇ ಸನ್ಮಾನ ಶುರುವಾಗೋದಾದರೆ, ಅದಕ್ಕೆ ಸನ್ಮಾನ ಅಂತ ಹೆಸರಿಡಬೇಡಿ.

*

"ಅಯ್ಯೋ, ಒಂದು ಟೋಪಿಗೆ ಇಷ್ಟೊಂದಾ?" ಅಂತ ನನ್ನ ಹೆಂಡತಿಯೂ ಕೇಳಿದಳು. ಹೌದು, ಇಷ್ಟೊಂದೇ. ಟೋಪಿಗಾಗಿ ಜನ ಸತ್ತಿದ್ದಾರೆ.

ತುರ್ಕಿಯಲ್ಲಿ 1925ರಲ್ಲಿ ಅತಾತುರ್ಕ್ ಸರ್ಕಾರ ಕಾನೂನು ತಂದು ಫೆಜ್ ಟೋಪಿ ನಿಷೇಧಿಸಿ ಯುರೋಪಿನ ಹ್ಯಾಟ್ ಹಾಕಿಸಿತು. ವಿರೋಧಿಸಿದ ಕೆಲವರನ್ನು ಗಲ್ಲಿಗೇರಿಸಿದರು. ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರು. 1942ರ ಸೆಪ್ಟೆಂಬರ್. ಸ್ವತಂತ್ರರಾದೆವು ಅಂತ ಘೋಷಿಸಿಕೊಂಡಿದ್ದ ಊರಿಗೆ ಅಮಲ್ದಾರರು, ಸಬ್ ಇನ್ಸ್‌ಪೆಕ್ಟರು ಪೊಲೀಸರ ಜೊತೆ ಬಂದರು. ಊರಿನವರು ಗಾಂಧಿ ಟೋಪಿ ಹಾಕಿಕೊಳ್ಳಿ ಅಂದರು. ಜಗಳ ಅಲ್ಲಿಂದ ಹತ್ತಿಕೊಂಡಿತು. ಲಾಠಿ, ಗುಂಡು, ಕೊನೆಗೆ ಇಬ್ಬರು ಅಧಿಕಾರಿಗಳ ಸಾವು. 1943ರ ಮಾರ್ಚಿನಲ್ಲಿ ಊರಿನ ಐವರಿಗೆ ಗಲ್ಲು. ಒಂದು ತುಂಡು ಖಾದಿ ಯಾರ ತಲೆ ಮೇಲೆ ಇರಬೇಕು ಅನ್ನುವ ಪ್ರಶ್ನೆಗೆ ಅಷ್ಟು ತೂಕ ಇತ್ತು.

ನರಸಿಂಹರಾಜಪುರದಲ್ಲಿರುವ ನಮ್ಮ ಅತ್ತೆ ಮನೆಯಲ್ಲಿ ಒಂದು ಗಾಂಧಿ ಟೋಪಿ ಇದೆ. ಮಾವನ ಅಪ್ಪನದ್ದು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದು ಹಿನ್ನೀರು ಬಂದಾಗ ಅವರ ಹಳ್ಳಿ ಮುಳುಗಿತು. ಗಾಡಿಗೆ ಏನೇನು ತುಂಬಬೇಕು ಅಂತ ಲೆಕ್ಕ ಹಾಕುವಾಗ ಎರಡು ಬಾಗಿಲು ಬಿಟ್ಟು ಬಂದ ಆ ಮನುಷ್ಯ ಈ ಟೋಪಿ ತಂದರು. "ಬಾಗ್ಲು ಬೇರೆ ಮಾಡ್ಸಬಹುದು ಅಂದ್ರಂತೆ ಕಣೋ" ಅಂತ ಅತ್ತೆ ಹೇಳ್ತಾರೆ. ಆ ಟೋಪಿಯ ಮೂಲ ಏನು? ಕಾಶ್ಮೀರಿ ಟೋಪಿ ನೋಡಿ ಗಾಂಧಿ ಅದನ್ನು ರೂಪಿಸಿದರು ಅಂತ ಕಾಕಾ ಕಾಲೇಲ್ಕರ್ ಬರೆದಿದ್ದಾರೆ. ದಕ್ಷಿಣ ಆಫ್ರಿಕಾದ ಜೈಲಿನ ಕೈದಿಗಳ ಟೋಪಿಯಿಂದ ಬಂತು ಅನ್ನುವ ಇನ್ನೊಂದು ಮಾತೂ ಇದೆ. ಎರಡನ್ನೂ ಬರೆದಿಟ್ಟುಕೊಂಡೆ. ಆದರೆ ನನ್ನ ಪಾಲಿಗೆ ಆ ಟೋಪಿಯ ನಿಜವಾದ ಮೂಲ ಮುಳುಗಿದ ಹಳ್ಳಿ ಮತ್ತು ಬಿಟ್ಟು ಬಂದ ಬಾಗಿಲು. ಇದು ಯಾವ ಹರಾಜಿನ ಪಟ್ಟಿಯಲ್ಲೂ ಬರಲ್ಲ. ಅತ್ತೆಯನ್ನು ಕೇಳಿದ್ದಕ್ಕೆ ಸಿಕ್ಕಿತು.

ಅತ್ತೆ ಮನೆ ಪಕ್ಕದಲ್ಲಿ ಕೇರಳದಿಂದ ಬಂದು ನೆಲೆಸಿದ ಕುಟುಂಬ ಇದೆ. ನಾನು ಹಾಳೆಟೋಪಿ ವಿಷಯ ತೆಗೆದಾಗ ಅಲ್ಲಿಯ ಹಿರಿಯರು "ತೊಪ್ಪಿಪ್ಪಾಳ! ನಮ್ಮಲ್ಲೂ ಅದೇ" ಅಂತ ಎದ್ದು ಕೂತರು. ಮಲೆಯಾಳದಲ್ಲಿ ಪಾಳ ಅಂದರೆ ಹಾಳೆ. ನೋಡಿ, ಭಾಷೆ ಬೇರೆ, ಧರ್ಮ ಬೇರೆ, ಘಟ್ಟದ ಆಚೆ ಈಚೆ. ಅಡಿಕೆ ಬೆಳೆದಲ್ಲೆಲ್ಲ ಕೆಲಸ ಮಾಡುವ ತಲೆ ಒಂದೇ ಉಪಾಯ ಹುಡುಕಿಕೊಂಡಿದೆ. ಬೋರ್ಸಲೀನೋಗೆ ಇಂಥ ಚರಿತ್ರೆ ಇದೆಯಾ?

*

ಈಗ ನಿಮ್ಮ ಆಕ್ಷೇಪಗಳಿಗೆ ಬರ್ತೀನಿ.

ಒಂದು: "ಈಗ ಹಾಳೆಟೋಪಿಗೆ ಒಳ್ಳೇ ಬೆಲೆ ಬಂದಿದೆಯಲ್ಲ, ಹೋಮ್‌ಸ್ಟೇಗಳಲ್ಲಿ ಎಲ್ಲರೂ ಹಾಕ್ಕೊಂಡು ಫೋಟೋ ತೆಗೆಸ್ಕೋತಾರೆ." ಹೌದು, ನೋಡಿದ್ದೀನಿ. ಕಾಫಿ ತೋಟದ ನಡುವೆ ಪ್ರೀ-ವೆಡ್ಡಿಂಗ್ ಶೂಟ್. ಹುಡುಗನಿಗೆ ಹಾಳೆಟೋಪಿ, ಹುಡುಗಿಗೆ ಗೊರಬು. ಫೋಟೋ ಮುಗಿದ ಮೇಲೆ ಗೂಟಕ್ಕೆ. ಅದನ್ನು ಮಾಡಿದವರು ಅದೇ ಹೋಮ್‌ಸ್ಟೇಯ ಹಿಂದೆ ಕಳೆ ಕೀಳ್ತಾ ಇರ್ತಾರೆ, ತಲೆ ಮೇಲೆ ಪ್ಲಾಸ್ಟಿಕ್ ಕವರ್. ನಿಮ್ಮ ಮದುವೆಗೆ ಹಾಳೆ ತಟ್ಟೆಯಲ್ಲೇ ಊಟ ಆಗಬೇಕು, ಪರಿಸರ ಉಳೀಬೇಕು. ತಟ್ಟೆ ಆದಾಗ ಹಾಳೆ ಪರಿಸರಸ್ನೇಹಿ, ಟೋಪಿ ಆದಾಗ ವೇಷ. ಇದು ಯಾವ ನ್ಯಾಯ?

ಎರಡು: "ಆ ಟೋಪಿಯಲ್ಲಿ ಅವಮಾನ ಇದೆ. ಹೋದರೆ ಹೋಗಲಿ ಬಿಡಿ." ಇದು ಗಟ್ಟಿ ಮಾತು. ಇದನ್ನು ಹೇಳಿದ್ದು ನನ್ನ ಆ ಕ್ಲಾಸ್‌ಮೇಟೇ. ಒಂದು ಭಾನುವಾರ ದರ್ಶಿನಿಯೊಂದರಲ್ಲಿ ಸಿಕ್ಕಿದ್ದೆವು. ಅಜ್ಜನ ಟೋಪಿ ಬಗ್ಗೆ ಬರೀಬೇಕು ಅಂತಿದ್ದೀನಿ ಅಂದೆ. ಕಾಫಿ ಲೋಟ ಕೆಳಗಿಟ್ಟು ಹೇಳಿದ:

"ಬರಿ. ಆದ್ರೆ ಚಂದ ಮಾಡಿ ಬರೀಬೇಡ. ನಮ್ಮಪ್ಪ ಮೊದಲ ಸಂಬಳದಲ್ಲಿ ಕೊಪ್ಪದ ಸಂತೇಲಿ ಬಟ್ಟೆ ಟೋಪಿ ತಗೊಂಡ್ರು. ಆವತ್ತು ಅಜ್ಜನ ಹಾಳೆಟೋಪಿ ಒಲೆಗೆ ಹಾಕಿದ್ದು ಅಪ್ಪನೇ. ಅಜ್ಜ ಎಂತದೂ ಹೇಳ್ಲಿಲ್ಲ. ನಿನಗೆ ಅದು ಕಲೆ, ನಮಗೆ ಅದು ಅಂಗಳ."

ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಹಾಳೆಟೋಪಿ ಸುಡುವ ಹಕ್ಕು ಅವನ ಅಪ್ಪನಿಗೆ ಪೂರ್ತಿ ಇತ್ತು. ಅದನ್ನು ನೆನಪಿಟ್ಟುಕೊಂಡು ಹಾಕಿಕೊಳ್ಳದೇ ಇರುವ ಹಕ್ಕು ಅವನಿಗಿದೆ. ಆದರೆ ಮರೆಯುವ ಹಕ್ಕು ನಮ್ಮ ಮನೆಗೆ ಇದೆಯಾ? ಅವಮಾನ ಟೋಪಿಯೊಳಗೆ ಇರಲಿಲ್ಲ. ಅದನ್ನು ತೆಗೆಸುತ್ತಿದ್ದ ಅಂಗಳದಲ್ಲಿತ್ತು. ಟೋಪಿ ಒಲೆಗೆ ಹೋಯಿತು, ಅಂಗಳ ಹಾಗೇ ಇದೆ, ಈಗ ಇಂಟರ್‌ಲಾಕ್ ಹಾಕಿಸಿದ್ದೀವಿ. ಟೋಪಿಯ ಮೂಲ ಹುಡುಕ್ತೀನಿ ಅಂತ ಹೊರಟವನು ಅಂಗಳದ ಮೂಲಕ್ಕೆ ಬಂದು ನಿಲ್ಲದಿದ್ದರೆ, ಅವನು ಹುಡುಕಿದ್ದು ಬರೀ ಬೆಲೆ.

ಮೂರು: "ನೀನೂ ಜಗಲಿಯವನೇ, ನಿನಗ್ಯಾಕೆ ಇದು?" ಅದಕ್ಕೇ ನಾನು ಬರೀಬೇಕು. ಅವನ ಕಥೆ ಅವನು ಬರೆದುಕೊಳ್ಳಬಲ್ಲ, ನನಗಿಂತ ಚೆನ್ನಾಗಿ. ನಮ್ಮ ಟ್ರಂಕಿನ ಕಥೆ ನಾನೇ ಹೇಳಬೇಕು.

*

ಈ ವರ್ಷ ಶಿವರಾತ್ರಿಯ ರಜೆಯಲ್ಲಿ, ಸನ್ಮಾನ ಆಗಿತ್ತಲ್ಲ, ಆ ಹಿರಿಯರ ಮನೆ ಹುಡುಕಿಕೊಂಡು ಹೋದೆ. "ಬನ್ನಿ, ಎಂತ ಮಾರ್ರೆ ಇಷ್ಟು ದೂರ" ಅಂದರು. ಟೋಪಿ ಮಾಡೋದು ತೋರಿಸ್ತೀರಾ ಅಜ್ಜ ಅಂದೆ. ನಕ್ಕರು. ಆಮೇಲೆ ತೋಟಕ್ಕೆ ಕರ್ಕೊಂಡು ಹೋದರು.

ಒಂದು ಅಡಿಕೆ ಮರ ವರ್ಷಕ್ಕೆ ಐದಾರು ಸೋಗೆ ಉದುರಿಸುತ್ತೆ. ಪ್ರತಿ ಸೋಗೆಯ ಬುಡದಲ್ಲಿ ಒಂದು ಹಾಳೆ. ಎಲ್ಲ ಹಾಳೆಯೂ ಆಗಲ್ಲ. ಹೊಸದಾಗಿ ಬಿದ್ದಿರಬೇಕು, ಸೀಳಿರಬಾರದು, ಹುಳ ಹಿಡಿದಿರಬಾರದು, ತೀರಾ ದಪ್ಪ ಇದ್ದರೆ ಮಡಿಸುವಾಗ ಒಡೆಯುತ್ತೆ. ಹತ್ತು ಹಾಳೆ ಮುಟ್ಟಿ ನೋಡಿ ಒಂದನ್ನು ಎತ್ತಿಕೊಂಡರು. ನೀರಲ್ಲಿ ನೆನೆಹಾಕಿದರು. ಮೆತ್ತಗಾದ ಮೇಲೆ ಅಂಚು ಸವರಿ, ಎರಡೂ ತುದಿ ನೆರಿಗೆ ಹಿಡಿದು, ದಬ್ಬಣದಲ್ಲಿ ನಾರು ಪೋಣಿಸಿ ಬಿಗಿದರು. ಅಳತೆಪಟ್ಟಿ ಇಲ್ಲ. ನನ್ನ ತಲೆಯನ್ನು ಒಂದು ಸಲ ನೋಡಿದರು, ಅಷ್ಟೇ. ಒಣಗಿದ ಮೇಲೆ ಹಾಕ್ಕೊಂಡೆ. ನನ್ನ 23 ಟೋಪಿಗಳಲ್ಲಿ ಸರಿಯಾಗಿ ಕೂರುವುದು ಮೂರೋ ನಾಲ್ಕೋ. ಇದು ಕೂತಿತು. ಒಳಗಿನ ನಯ ಹಣೆಗೆ ತಣ್ಣಗೆ. ಮೇಲೆ ಹೊರೆ ಇಟ್ಟರೆ ಸಿಂಬಿಯ ಹಾಗೆ ಭಾರ ತಡೆಯುತ್ತೆ. ಮಳೆ ಬಂದರೆ ನೀರು ಜಾರುತ್ತೆ.

ಎಷ್ಟು ಕೊಡಬೇಕು ಅಂದೆ. "ಹಾಳೆಗೆ ದುಡ್ಡಾ?" ಅಂದರು. ನಾನು ಅವರ ಒಂದು ದಿನದ ಕೂಲಿ ಲೆಕ್ಕ ಹಾಕಿ ಕೊಟ್ಟೆ. ಬೇಡ ಅಂದರು, ಆಮೇಲೆ ತಗೊಂಡರು. ಥರ್ಮಾಕೋಲಿಗೆ 9,500 ಕೊಟ್ಟವನು ಇಲ್ಲಿ ದೊಡ್ಡ ಮನುಷ್ಯನಂತೆ ಬೀಗುವ ಹಾಗಿರಲಿಲ್ಲ.

ಹಾಗಾಗಿ ನನ್ನ ಹುಚ್ಚಿನವರಿಗೆ, ಊರು ಬಿಟ್ಟು ಬಂದು ಊರಿನ ವಸ್ತು ಹುಡುಕುವವರಿಗೆ ನನ್ನ ಮಾತು ಇಷ್ಟು. ಟೋಪಿ ಕೊಳ್ಳಿ, ಬೇಡ ಅನ್ನಲ್ಲ. ಆದರೆ ಪ್ರತಿ ಟೋಪಿಯ ಜೊತೆ ಮೂರು ಸಾಲು ಬರೆದಿಡಿ. ಯಾರು ಮಾಡಿದರು, ಯಾರು ಹಾಕಿದರು, ಯಾರ ಮುಂದೆ ತೆಗೆದರು. ಮೂರನೆಯದು ಮುಖ್ಯ. ಸನ್ಮಾನ ಮಾಡುವ ಸಂಘದವರು ನಿಮ್ಮ ಪರಿಚಯದಲ್ಲಿದ್ದರೆ, ತಲೆ ಮೇಲೆ ಏನು ಬೇಕು ಅಂತ ಸನ್ಮಾನಿತರನ್ನೇ ಮೊದಲು ಕೇಳಿ ಅನ್ನಿ. ಪೇಟವೇ ಬೇಕು ಅಂದರೆ ಅವರ ಅಳತೆಗೆ ಕಟ್ಟಿಸಿ. ಊರಿಗೆ ಹೋದಾಗ ಅಟ್ಟ ಹತ್ತುವ ಮೊದಲು ಅಂಗಳದಲ್ಲಿ ಒಂದು ನಿಮಿಷ ನಿಂತು ನೋಡಿ.

ಕಪಾಟಿನಲ್ಲಿ ಈಗ 24 ಇವೆ. ಹಾಳೆಟೋಪಿಗೆ ಅಂಚಿನಲ್ಲಿ ಆಗಲೇ ಬೂಷ್ಟು ಹತ್ತಿದೆ. ಕರ್ಪೂರ ಇಟ್ಟೆ, ಸಿಲಿಕಾ ಚೀಲ ಇಟ್ಟೆ, ಪ್ರಯೋಜನ ಇಲ್ಲ. ಇನ್ನೊಂದು ವರ್ಷ ಬಾಳಬಹುದು. ಆಮೇಲೆ ಮತ್ತೆ ಅಲ್ಲಿಗೇ ಹೋಗಿ ಕೇಳಬೇಕು. ಅವರ ಕೈ ಇನ್ನೂ ಓಡುತ್ತಿದ್ದರೆ. ಇಲ್ಲದಿದ್ದರೆ ನಾನೇ ಕಲಿತಿರಬೇಕು. ಮೊದಲ ಪಾಠದಲ್ಲಿ ಎರಡು ಹಾಳೆ ಒಡೆದಿದ್ದೀನಿ.